ಮೊದಲು ಕೈ, ಆಮೇಲೆ ಪುಸ್ತಕ: ಬುನಾದಿ ತರಬೇತಿಯ ಟಿಪ್ಪಣಿ

ಸಮಗ್ರ ಶಿಕ್ಷಣದ (ಸರ್ಕಾರಿ ಯೋಜನೆಯಲ್ಲ; ಮಗುವಿನ ತಲೆ, ಮನಸ್ಸು, ಕೈ ಮೂರನ್ನೂ ಬೆಳೆಸುವ ಶಿಕ್ಷಣ) ಶಿಕ್ಷಕ ತರಬೇತಿಗೆ ಸೇರಿದವರಲ್ಲಿ ಬಹಳಷ್ಟು ಜನ ಮೊದಲ ವಾರವೇ ಒಂದು ಪ್ರಶ್ನೆ ಕೇಳುತ್ತಾರೆ. "ನಾನು ಗಣಿತ ಕಲಿಸುವವಳು. ನನಗೆ ಬಣ್ಣ, ಜೇಡಿಮಣ್ಣು, ಇನ್ನೂರು ವರ್ಷ ಹಳೆಯ ತತ್ವಶಾಸ್ತ್ರ ಯಾಕೆ?" ನಾನೂ ಇದನ್ನೇ ಕೇಳಿದ್ದೆ. ಆಮೇಲೆ ನನ್ನ ನೋಟ್ಸ್ ತಿರುವಿ ನೋಡಿದಾಗ ಉತ್ತರ ಅಲ್ಲೇ ಇತ್ತು, ಆದರೆ ಚೆಲ್ಲಾಪಿಲ್ಲಿಯಾಗಿತ್ತು. ಈಗ ಇದೇ ಹಾದಿಯಲ್ಲಿರುವವರಿಗಾಗಿ ಜೋಡಿಸಿ ಬರೆಯುತ್ತಿದ್ದೇನೆ. ಉದಾಹರಣೆಗೆ ವಾಲ್ಡಾರ್ಫ್ ಪದ್ಧತಿಯನ್ನು ಇಟ್ಟುಕೊಂಡಿದ್ದೇನೆ. ಕಲೆ ಮತ್ತು ತತ್ವಶಾಸ್ತ್ರ ಎರಡನ್ನೂ ಶಿಕ್ಷಕರ ತಯಾರಿಯ ತಳಕ್ಕೇ ಹಾಕಿದ ಪದ್ಧತಿ ಅದು.

ಇತಿಹಾಸ ಇಷ್ಟು ಗೊತ್ತಿದ್ದರೆ ಸಾಕು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಾಲ್ಡಾರ್ಫ್-ಆಸ್ಟೋರಿಯಾ ಎಂಬ ಸಿಗರೇಟ್ ಕಾರ್ಖಾನೆ ಇತ್ತು. ಅದನ್ನು ನಡೆಸುತ್ತಿದ್ದ ಎಮಿಲ್ ಮೋಲ್ಟ್, ಕಾರ್ಮಿಕರ ಮಕ್ಕಳಿಗೆ ಒಂದು ಶಾಲೆ ಕಟ್ಟಿಕೊಡಿ ಎಂದು ಆಸ್ಟ್ರಿಯಾದ ತತ್ವಚಿಂತಕ ರುಡಾಲ್ಫ್ ಸ್ಟೈನರ್ ಅವರನ್ನು ಕೇಳಿದರು. 1919ರ ಸೆಪ್ಟೆಂಬರ್ 7ರಂದು ಶಾಲೆ ತೆರೆಯಿತು. ಅದಕ್ಕೆ ಮೊದಲು, ಆಗಸ್ಟ್ 21ರಿಂದ ಸೆಪ್ಟೆಂಬರ್ 5ರವರೆಗೆ, ಶಿಕ್ಷಕರಿಗೆ ತರಬೇತಿ ನಡೆಯಿತು. ಬೆಳಿಗ್ಗೆ ಮೊದಲ ಉಪನ್ಯಾಸ ಮನುಷ್ಯ ಅಂದರೆ ಏನು ಎಂಬುದರ ಮೇಲೆ. ಅದರ ಹಿಂದೆಯೇ ಎರಡನೆಯದು, ಪಾಠ ಹೇಗೆ ಮಾಡಬೇಕು ಎಂಬುದರ ಮೇಲೆ. ಮಧ್ಯಾಹ್ನ ಚರ್ಚೆ, ಜೊತೆಗೆ ಮಾತಿನ ಉಚ್ಚಾರಣೆಯ ಅಭ್ಯಾಸ. ಈ ಕ್ರಮವನ್ನು ಗಮನಿಸಿ. ಮೊದಲು ಮನುಷ್ಯ, ಆಮೇಲೆ ವಿಧಾನ. ಇಂದಿನ ಬುನಾದಿ ತರಬೇತಿಗಳಲ್ಲೂ ಇದರ ನೆರಳು ಕಾಣುತ್ತದೆ.

ಒದ್ದೆ ಕಾಗದದ ಪಾಠ

ನನಗೆ ತುಂಬಾ ಕಲಿಸಿದ್ದು ಇದೇ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ದಪ್ಪ ಕಾಗದವನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಹಲಗೆಯ ಮೇಲೆ ಹರಡಿ, ಮೇಲೆ ನಿಂತ ನೀರನ್ನು ಸ್ಪಂಜಿನಿಂದ ತೆಗೆಯಬೇಕು. ಬಣ್ಣ ತೆಳುವಾಗಿರಬೇಕು, ಬ್ರಷ್ ಅಗಲವಾಗಿರಬೇಕು. ಪೆನ್ಸಿಲ್ ಮುಟ್ಟುವಂತಿಲ್ಲ. ಮೊದಲ ದಿನ ಬರೀ ಹಳದಿ. ಎರಡನೇ ದಿನ ಹಳದಿಯ ಪಕ್ಕ ನೀಲಿ. ನೀಲಿ ನಿಧಾನವಾಗಿ ಹಳದಿಯ ಕಡೆ ಹರಿಯುತ್ತದೆ, ಸೇರಿದ ಅಂಚಿನಲ್ಲಿ ಹಸಿರು ಹುಟ್ಟುತ್ತದೆ. ಅದು ಎಲ್ಲಿ ಹುಟ್ಟಬೇಕು, ಎಷ್ಟು ಹುಟ್ಟಬೇಕು ಎಂಬುದು ಪೂರ್ತಿ ನಮ್ಮ ಕೈಯಲ್ಲಿಲ್ಲ.

ನನ್ನ ಮೊದಲ ಹಾಳೆಗಳು ಕೆಸರಿನ ಬಣ್ಣಕ್ಕೆ ತಿರುಗಿದವು. ಮನಸ್ಸಿನಲ್ಲಿ ಒಂದು ಚಿತ್ರ ಇಟ್ಟುಕೊಂಡು ಕೂತಿದ್ದೆ. ಬಣ್ಣ ಬೇರೆ ಕಡೆ ಹರಿದಾಗಲೆಲ್ಲ ಬ್ರಷ್ಷಿನಿಂದ ಎಳೆದು ತಿದ್ದುತ್ತಿದ್ದೆ. ಪಕ್ಕದವರು ಕಾಗದದಿಂದ ಕೈ ಎತ್ತಿ, ಸುಮ್ನೆ ಒಂದು ನಿಮಿಷ ನೋಡುತ್ತಾ ಕೂತರು. ಅವರ ಹಾಳೆಯಲ್ಲಿ ಬಣ್ಣಗಳಿಗೆ ಉಸಿರಾಡಲು ಜಾಗ ಇತ್ತು. ತರಗತಿಯಲ್ಲಿ ಮಗು ತಪ್ಪು ಉತ್ತರ ಹೇಳಿದ ಕೂಡಲೇ ಬಾಯಿ ಹಾಕಿ ತಿದ್ದುವ ನನ್ನ ಅಭ್ಯಾಸ ಆ ಹಾಳೆಯ ಮೇಲೆ ಕಂಡಿತು.

ಇಲ್ಲಿ ಜರ್ಮನ್ ಕವಿ, ನಾಟಕಕಾರ ಷಿಲ್ಲರ್ ಬರುತ್ತಾರೆ. ಸೌಂದರ್ಯ ಶಿಕ್ಷಣದ ಬಗ್ಗೆ ಅವರು ಬರೆದ ಪತ್ರಗಳು 1795ರಲ್ಲಿ ಅಚ್ಚಾದವು. ಅವರ ಮಾತಿನ ಸಾರ ಹೀಗೆ: ನಮ್ಮೊಳಗೆ ಎರಡು ಒತ್ತಡಗಳಿವೆ. ಒಂದು, ಕಣ್ಣಿಗೆ ಮೈಗೆ ತಾಕಿದ್ದರ ಹಿಂದೆ ಹರಿದು ಹೋಗುವುದು. ಇನ್ನೊಂದು, ಎಲ್ಲಕ್ಕೂ ನಿಯಮ, ಆಕಾರ ಹೇರುವುದು. ಮೊದಲನೆಯದೇ ಗೆದ್ದರೆ ಮನುಷ್ಯ ಆಸೆಯ ಕೈಗೊಂಬೆ. ಎರಡನೆಯದೇ ಗೆದ್ದರೆ ಒಣ ನಿಯಮದ ಆಳು. ಎರಡೂ ಒಂದನ್ನೊಂದು ತಡೆದು ಹದಕ್ಕೆ ಬರುವ ಜಾಗವನ್ನು ಅವರು ಆಟ ಎಂದು ಕರೆದರು. ಒದ್ದೆ ಕಾಗದದಲ್ಲಿ ನೀರು ಮೊದಲನೆಯದು, ನನ್ನ ತಲೆಯಲ್ಲಿದ್ದ ಚಿತ್ರ ಎರಡನೆಯದು. ನಾನು ನೀರಿಗೆ ಆಟ ಆಡಲು ಬಿಟ್ಟಿರಲಿಲ್ಲ. ಷಿಲ್ಲರ್ ಓದು ಕಷ್ಟ ಅನ್ನುವವರಿಗೆ ನನ್ನ ಸಲಹೆ: ಬಣ್ಣದ ತರಗತಿ ಮುಗಿಸಿ ಬಂದ ಸಂಜೆಯೇ ಓದಿ. ಬೆರಳಲ್ಲಿ ಇನ್ನೂ ಬಣ್ಣ ಇರುವಾಗ ಆ ವಾಕ್ಯಗಳು ಬೇಗ ಬಿಡಿಸಿಕೊಳ್ಳುತ್ತವೆ.

ಗಯಟೆ: ನೋಡುವುದನ್ನು ಕಲಿಯುವುದು

ಸ್ಟೈನರ್ ಯುವಕರಾಗಿದ್ದಾಗಲೇ ಜರ್ಮನ್ ಕವಿ ಗಯಟೆಯ ವಿಜ್ಞಾನ ಬರಹಗಳನ್ನು ಸಂಪಾದಿಸಿದವರು. ಅದಕ್ಕೇ ಈ ತರಬೇತಿಗಳಲ್ಲಿ ಗಯಟೆ ಕವಿಯಾಗಿ ಬರುವುದಕ್ಕಿಂತ ನೋಡುವವನಾಗಿ ಬರುವುದು ಹೆಚ್ಚು.

1790ರಲ್ಲಿ ಗಯಟೆ ಸಸ್ಯಗಳ ರೂಪಾಂತರದ ಬಗ್ಗೆ ಬರೆದರು. ಎಲೆ, ದಳ, ಕೇಸರ ಎಲ್ಲವೂ ಒಂದೇ ಅಂಗದ ಬೇರೆ ಬೇರೆ ರೂಪಗಳು ಎಂಬುದು ಅವರ ಮುಖ್ಯ ಮಾತು. ಅಭ್ಯಾಸ ಹೀಗೆ ಮಾಡಿ. ವರ್ಷಕ್ಕೊಮ್ಮೆ ಹೂ ಬಿಟ್ಟು ಒಣಗುವ ಯಾವುದಾದರೂ ಗಿಡ ತೆಗೆದುಕೊಳ್ಳಿ. ಬುಡದಿಂದ ಹೂವಿನವರೆಗೆ ಎಲೆಗಳನ್ನು ಕ್ರಮವಾಗಿ ಕಿತ್ತು ಸಾಲಾಗಿ ಜೋಡಿಸಿ. ಬಹಳ ಗಿಡಗಳಲ್ಲಿ ಬುಡದ ಎಲೆ ದುಂಡಗೆ, ತೊಟ್ಟು ಉದ್ದ. ಮಧ್ಯದವು ಅಗಲವಾಗಿ ಸೀಳಿಕೊಂಡಿರುತ್ತವೆ. ಹೂವಿನ ಹತ್ತಿರದವು ಸಣ್ಣಗೆ, ಚೂಪಾಗಿ ಕಾಂಡಕ್ಕೆ ಅಂಟಿರುತ್ತವೆ. ಈಗ ಎಲೆಗಳನ್ನು ಮುಚ್ಚಿಟ್ಟು, ಕಣ್ಣು ಮುಚ್ಚಿ, ಒಂದು ಎಲೆ ಮುಂದಿನ ಎಲೆಯಾಗುವುದನ್ನು ಮನಸ್ಸಿನಲ್ಲಿ ನಡೆಸಿ. ಎಲ್ಲಿ ಚಿತ್ರ ಮಸುಕಾಗುತ್ತದೋ ಅಲ್ಲಿ ನೀವು ಸರಿಯಾಗಿ ನೋಡಿಲ್ಲ. ತೆರೆದು ಮತ್ತೆ ನೋಡಿ.

ಬಣ್ಣದ ಬಗ್ಗೆ ಗಯಟೆಯ ದೊಡ್ಡ ಪುಸ್ತಕ ಬಂದದ್ದು 1810ರಲ್ಲಿ. ಕೆಂಪು ವೃತ್ತವನ್ನು ಅರ್ಧ ನಿಮಿಷ ದಿಟ್ಟಿಸಿ ಬಿಳಿ ಹಾಳೆ ನೋಡಿದರೆ ಹಸಿರು ಛಾಯೆ ಕಾಣುತ್ತದೆ, ಅಲ್ವಾ? ಇಂಥ ಅನುಭವಗಳನ್ನು ಅವರು ಬಹಳ ಶ್ರದ್ಧೆಯಿಂದ ದಾಖಲಿಸಿದರು. ಆದರೆ ಬೆಳಕಿನ ಭೌತಶಾಸ್ತ್ರದಲ್ಲಿ ನ್ಯೂಟನ್ ತಪ್ಪು ಎಂದು ಅವರು ಹೇಳಿದ್ದನ್ನು ವಿಜ್ಞಾನ ಒಪ್ಪಲಿಲ್ಲ. ಇದನ್ನು ನೋಟ್ಸಿನಲ್ಲಿ ಸ್ಪಷ್ಟವಾಗಿ ಬರೆದುಕೊಳ್ಳಿ. ಶಿಕ್ಷಕರಾಗಿ ನಮಗೆ ಬೇಕಾದದ್ದು ಅವರ ತಾಳ್ಮೆಯ ನೋಟ.

ಗೆರೆ ಮತ್ತು ಮಣ್ಣು

ವಾಲ್ಡಾರ್ಫ್ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳು ಮೊದಲ ದಿನ ಎಳೆಯುವುದು ಒಂದು ನೇರ ಗೆರೆ, ಒಂದು ಬಾಗಿದ ಗೆರೆ. ಫಾರ್ಮ್ ಡ್ರಾಯಿಂಗ್, ಅಂದರೆ ಗೆರೆಗಳಿಂದ ಆಕಾರ ಎಳೆಯುವ ಅಭ್ಯಾಸ, ಶುರುವಾಗುವುದೇ ಅಲ್ಲಿ. ಆಕಾರವನ್ನು ಮೊದಲು ನೆಲದ ಮೇಲೆ ನಡೆಯುತ್ತೇವೆ, ಆಮೇಲೆ ಗಾಳಿಯಲ್ಲಿ ಕೈಯಾಡಿಸುತ್ತೇವೆ, ಕೊನೆಗೆ ಕಾಗದಕ್ಕೆ ಇಳಿಸುತ್ತೇವೆ. ಎಂಟರ ಆಕಾರವನ್ನು ನಡೆದು ನೋಡಿ. ಗೆರೆಗಳು ದಾಟುವ ಜಾಗದಲ್ಲಿ ಮೈ ವಾಲುವ ದಿಕ್ಕು ಬದಲಾಗುತ್ತದೆ. ಬರೀ ಕಾಗದದಲ್ಲಿ ಇದು ಗೊತ್ತಾಗುವುದಿಲ್ಲ.

ಜೇಡಿಮಣ್ಣಿನಲ್ಲಿ ಮೊದಲ ಕೆಲಸ ಉಂಡೆ. ಮೇಜಿನ ಮೇಲೆ ಉರುಳಿಸದೆ, ಎರಡೂ ಅಂಗೈಗಳ ನಡುವೆ ಒತ್ತಿ ಒತ್ತಿ ಮಾಡಬೇಕು. ಕಣ್ಣು ಮುಚ್ಚಿ ಮಾಡಿದರೆ ಇನ್ನೂ ಒಳ್ಳೆಯದು.

ತತ್ವದ ಭಾಗ

ಯೋಚನೆ, ಭಾವನೆ, ಸಂಕಲ್ಪ: ಈ ಮೂರು ಪದ ಎಲ್ಲ ಕಡೆ ಬರುತ್ತವೆ. ಸಂಕಲ್ಪ ಅಂದರೆ ಇಲ್ಲಿ ಮಾಡುವ ಬಲ, ಕೈಕಾಲಿನಲ್ಲಿ ಇಳಿಯುವ ಇಚ್ಛೆ. ಮಗುವಿನ ಮೊದಲ ಏಳು ವರ್ಷ ಅನುಕರಣೆ ಮತ್ತು ಕ್ರಿಯೆಯದು, ಮುಂದಿನ ಏಳು ಭಾವ ಮತ್ತು ಕಲ್ಪನೆಯದು, ಅದರ ನಂತರ ಸ್ವಂತ ವಿಚಾರದ್ದು ಎಂಬುದು ಸ್ಟೈನರ್ ಚೌಕಟ್ಟು. ಒಂದು ಎಚ್ಚರ ಬೇಕು. ಇದರ ಹಿಂದೆ ಅವರ ಆಧ್ಯಾತ್ಮಿಕ ನಂಬಿಕೆಗಳಿವೆ, ಅವು ವಿಜ್ಞಾನದಿಂದ ಸಾಬೀತಾದ ಸಂಗತಿಗಳಲ್ಲ. ಏಳು ವರ್ಷದ ಲೆಕ್ಕವನ್ನು ನಾನು ಕನ್ನಡಕದಂತೆ ಬಳಸುತ್ತೇನೆ. ಹಾಕಿಕೊಂಡಾಗ ಕೆಲವು ಚೆನ್ನಾಗಿ ಕಾಣುತ್ತವೆ. ಎದುರಿನ ಮಗು ಬೇರೆಯೇ ಹೇಳುತ್ತಿದ್ದರೆ ತೆಗೆದಿಡಬೇಕು.

1894ರಲ್ಲಿ ಅವರು ಬರೆದ ಸ್ವಾತಂತ್ರ್ಯದ ತತ್ವಶಾಸ್ತ್ರವೂ ಪಠ್ಯದಲ್ಲಿರುತ್ತದೆ. ಮುಖ್ಯ ಎಳೆ ಹಿಡಿದರೆ ಸಾಕು. ಕಣ್ಣಿಗೆ ಬಿದ್ದದ್ದು ಅರ್ಧ ಮಾತ್ರ, ಯೋಚನೆ ಅದಕ್ಕೆ ಪರಿಕಲ್ಪನೆಯನ್ನು ಸೇರಿಸಿದಾಗಲೇ ಅದು ಅರಿವಾಗುತ್ತದೆ. ಹೊರಗಿನ ಆಜ್ಞೆಗಿಂತ ನಾನೇ ಕಂಡುಕೊಂಡದ್ದರಿಂದ ನಡೆದಾಗ ನಾನು ಸ್ವತಂತ್ರ. ಒಂದೇ ಶಿಕ್ಷಕಿ ಒಂದರಿಂದ ಎಂಟನೇ ತರಗತಿಯವರೆಗೆ ಅದೇ ಮಕ್ಕಳ ಜೊತೆ ಸಾಗುವ ಪದ್ಧತಿ ಇದು. ಬೇರೆಯವರು ಬರೆದುಕೊಟ್ಟ ಪಾಠದಿಂದ ಅಷ್ಟು ದೂರ ನಡೆಯಲು ಆಗುವುದಿಲ್ಲ.

ಮಗುವನ್ನು ನೋಡುವ ಅಭ್ಯಾಸ

ಎಲೆ ನೋಡಿದ ಕಣ್ಣನ್ನು ಮಗುವಿನ ಕಡೆ ತಿರುಗಿಸುವುದು ಕೊನೆಯ ಮತ್ತು ಕಷ್ಟದ ಅಭ್ಯಾಸ. ಒಂದು ಮಗುವಿನ ಬಗ್ಗೆ ಬರೆಯಬೇಕು, ಆದರೆ ತೀರ್ಪಿನ ಪದ ಒಂದೂ ಇರಬಾರದು. ಹಠಮಾರಿ, ಚುರುಕು, ಸೋಮಾರಿ, ಯಾವುದೂ ಬೇಡ. ನನ್ನ ಮೊದಲ ಪುಟದಲ್ಲಿ ಅಂಥ ಪದಗಳೇ ತುಂಬಿದ್ದವು. ಎಲ್ಲ ಹೊಡೆದು ಹಾಕಿದ ಮೇಲೆ ಎರಡು ಸಾಲು ಉಳಿಯಿತು. ಮಾರನೇ ದಿನ ಮತ್ತೆ ನೋಡಲು ಹೋದೆ. ಆ ಹುಡುಗ ಓಡುವಾಗ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಪೆನ್ಸಿಲ್ ಹಿಡಿದರೆ ಉಗುರಿನ ತುದಿ ಬಿಳಿಚುವಷ್ಟು ಗಟ್ಟಿ. ಯಾರಾದರೂ ಕರೆದರೆ ಮೊದಲು ಭುಜ ತಿರುಗುತ್ತದೆ, ಕಣ್ಣು ಆಮೇಲೆ. ರಾತ್ರಿ ಮಲಗುವ ಮುಂಚೆ ಇದನ್ನೆಲ್ಲ ಎಲೆಗಳ ಸಾಲಿನಂತೆ ಮನಸ್ಸಿಗೆ ತಂದುಕೊಂಡೆ. ಬೆಳಿಗ್ಗೆ ಅವನಿಗೆ ದಪ್ಪ ಮೇಣದ ಬಳಪ ಕೊಟ್ಟು, ಅಗಲ ಹಾಳೆಯಲ್ಲಿ ಎಂಟರ ಆಕಾರ ಎಳೆಯಲು ಹೇಳಿದೆ.