ಐಸ್‌ಲ್ಯಾಂಡಿನ ಮನೆಗಳಿಂದ ಎಣ್ಣೆ ಹೊರಬಿದ್ದ ಬಗೆ

‘ಕಾಲ ಕೆಳಗೇ ಜ್ವಾಲಾಮುಖಿ ಇಟ್ಟುಕೊಂಡವರಿಗೆ ಎಣ್ಣೆ ಯಾಕೆ ಬೇಕು?’ ಐಸ್‌ಲ್ಯಾಂಡಿನ ಪ್ರಸ್ತಾಪ ಬಂದಾಗಲೆಲ್ಲ ಕೇಳಿಬರುವ ಈ ಮಾತನ್ನು ಒಪ್ಪುವುದು ಕಷ್ಟ. 1973ರ ಕೊನೆಯಲ್ಲಿ ಕಚ್ಚಾ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿದಾಗಲೂ ಆ ಜ್ವಾಲಾಮುಖಿಗಳು ಅಲ್ಲೇ ಇದ್ದವು. ಆದರೂ ಅಲ್ಲಿನ ಸುಮಾರು ಅರ್ಧದಷ್ಟು ಮನೆಗಳು ಹಡಗಿನಲ್ಲಿ ಬಂದ ಎಣ್ಣೆ ಉರಿಸಿಯೇ ಬೆಚ್ಚಗಿರುತ್ತಿದ್ದವು. ತಂತ್ರ ಗೊತ್ತಿರಲಿಲ್ಲವೆಂದಲ್ಲ; ರಾಜಧಾನಿ ರೇಕ್ಯಾವಿಕ್‌ನಲ್ಲಿ 1930ರಲ್ಲೇ ಮೂರು ಕಿ.ಮೀ. ಕೊಳವೆ ಎಳೆದು ಶಾಲೆಗೆ ಬಿಸಿನೀರು ತಂದಿದ್ದರು. ತಡೆದದ್ದು ನಷ್ಟದ ಭಯ. ಕೊರೆದ ಬಾವಿಯಲ್ಲಿ ಬಿಸಿನೀರು ಸಿಗದಿದ್ದರೆ ಸಣ್ಣ ಊರಿನ ಆಡಳಿತ ಸಾಲದಲ್ಲಿ ಮುಳುಗುತ್ತದೆ. ಅದಕ್ಕೇ ಸರ್ಕಾರದ ಇಂಧನ ನಿಧಿ ಕೊರೆಯಲು ಸಾಲ ಕೊಟ್ಟಿತು, ಬಾವಿ ಕೈಕೊಟ್ಟರೆ ಸಾಲವನ್ನು ಅನುದಾನವಾಗಿ ಬದಲಿಸಿತು. ನನ್ನ ಲೆಕ್ಕದಲ್ಲಿ ಇಡೀ ಕಥೆಯ ಜಾಣತನದ ನಿರ್ಧಾರ ಇದೇ. ಈಗ ಹತ್ತರಲ್ಲಿ ಒಂಬತ್ತು ಮನೆಗಳಿಗೆ ಭೂಶಾಖವೇ ಆಧಾರ.

ಇನ್ನು ನೀರಿನ ವಿಷಯ. ರೇಕ್ಯಾವಿಕ್ ಬಳಿಯ ನೆಸ್ಯಾವೆಟ್ಲಿರ್‌ನಂಥ ಅತಿಬಿಸಿ ನೆಲದಿಂದ ಮೇಲೆ ಬರುವ ನೀರನ್ನು ಹಾಗೇ ಊರಿಗೆ ಬಿಡುವಂತಿಲ್ಲ. ಅದರಲ್ಲಿ ಕರಗಿರುವ ಸಿಲಿಕಾ, ನೀರು ತಣಿದಂತೆ ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪದರದ ಹಾಗೆ ಕೊಳವೆಯೊಳಗೆ ಗಟ್ಟಿಯಾಗುತ್ತದೆ. ಆದ್ದರಿಂದ ಆ ಶಾಖದಿಂದ ಸುಮಾರು 4 ಡಿಗ್ರಿಯ ಸಿಹಿನೀರನ್ನು ಕಾಯಿಸುತ್ತಾರೆ. ಆಗ ಇನ್ನೊಂದು ತಲೆನೋವು: ತಣ್ಣೀರಿನಲ್ಲಿ ಕರಗಿರುವ ಆಮ್ಲಜನಕ, ನೀರು ಬಿಸಿಯಾದ ಮೇಲೆ ಉಕ್ಕನ್ನು ಬೇಗ ತಿನ್ನುತ್ತದೆ. ಪರಿಹಾರವೆಂದರೆ, ಕಾದ ನೀರನ್ನು ಒತ್ತಡ ಕಡಿಮೆ ಇರುವ ತೊಟ್ಟಿಗೆ ಬಿಡುವುದು. ಅಲ್ಲಿ ನೀರು 82–83 ಡಿಗ್ರಿಯಲ್ಲೇ ಕುದಿದು, ಆಮ್ಲಜನಕ ಹೊರಟುಹೋಗುತ್ತದೆ. ಉಳಿದ ಚೂರುಪಾರು ಆಮ್ಲಜನಕಕ್ಕೆ ಭೂಗರ್ಭದ ಹಬೆಯನ್ನೇ ಸ್ವಲ್ಪ ಬೆರೆಸುತ್ತಾರೆ. ಅದರಲ್ಲಿರುವ ಹೈಡ್ರೋಜನ್ ಸಲ್ಫೈಡ್ ಆಮ್ಲಜನಕದೊಡನೆ ವರ್ತಿಸಿ ಅದನ್ನು ಮುಗಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲವೇ ಕೊಳವೆಯ ಕಾವಲುಗಾರ!

ಅಲ್ಲಿಂದ ನೀರನ್ನು ಎತ್ತರದ ತೊಟ್ಟಿಗೆ ಏರಿಸಿದರೆ ಸಾಕು, ಮುಂದೆ ಇಳಿಜಾರೇ ಅದನ್ನು ರೇಕ್ಯಾವಿಕ್‌ಗೆ ಒಯ್ಯುತ್ತದೆ. 27 ಕಿ.ಮೀ. ಕೊಳವೆ, ಸುತ್ತ ಸುಮಾರು 10 ಸೆಂ.ಮೀ. ದಪ್ಪದ ಖನಿಜ ಉಣ್ಣೆ, ಅದರ ಮೇಲೆ ಅಲ್ಯುಮಿನಿಯಂ ತಗಡು. ದಾರಿಯುದ್ದಕ್ಕೂ ಕಳೆದುಹೋಗುವ ಶಾಖ ಎರಡು ಡಿಗ್ರಿಯಷ್ಟೇ.

1990ರಲ್ಲಿ ಈ ನೀರು ನಗರ ತಲುಪಿ, ಅಲ್ಲಿನ ಹಳೆಯ ಬಿಸಿನೀರಿನ ಬಾವಿಗಳ ನೀರಿನೊಂದಿಗೆ ಬೆರೆತಾಗ ಎಡವಟ್ಟಾಯಿತು. ಸಿಹಿನೀರಿನ ಮೆಗ್ನೀಸಿಯಂ, ಬಾವಿನೀರಿನ ಸಿಲಿಕಾ ಎರಡೂ ಕೂಡಿ ಮೆಗ್ನೀಸಿಯಂ ಸಿಲಿಕೇಟ್ ಆಗಿ ಕೊಳವೆಗಳಲ್ಲಿ ಗಟ್ಟಿಗೊಂಡವು. ಬೇರೆಬೇರೆಯಾಗಿ ನಿರುಪದ್ರವಿಯಾದ ಎರಡು ನೀರು! ಅಂದಿನಿಂದ ಎರಡನ್ನೂ ಬೆರೆಸದೆ, ನಗರದ ಬೇರೆಬೇರೆ ಭಾಗಗಳಿಗೆ ಹಂಚುತ್ತಾರೆ.

ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರ್‌ಗಳನ್ನು ಸುತ್ತಿ ಹೊರಬರುವ ನೀರು ಆಗಲೂ ಸುಮಾರು 35 ಡಿಗ್ರಿ ಇರುತ್ತದೆ. ಅದನ್ನು ಕಾಲುದಾರಿಯ ಅಡಿಯ ಪ್ಲಾಸ್ಟಿಕ್ ಕೊಳವೆಗಳಲ್ಲಿ ಹರಿಸಿ ಹಿಮ ಕರಗಿಸುತ್ತಾರೆ. ಆದರೆ ಮೀನುಗಾರಿಕೆ ದೋಣಿ, ವಿಮಾನ, ಬಹುಪಾಲು ವಾಹನಗಳು ಈಗಲೂ ಆಮದು ಎಣ್ಣೆಯಲ್ಲೇ ಓಡುತ್ತಿವೆ. ಬಿಸಿನೀರಿನ ಕೊಳವೆ ಅಷ್ಟು ದೂರ ಹೋಗುವುದಿಲ್ಲ.