ಮಡಚುವ ಚಾಕಿನ ಕೀಲಿನೊಳಗಿನ ಲೆಕ್ಕ

ಮಚ್ಚು ಮಾಡಲು ನಕ್ಷೆ ಬೇಕಿಲ್ಲ. ಹಳೇ ಜೀಪಿನ ಸ್ಪ್ರಿಂಗ್ ಪಟ್ಟಿ ತೆಗೆದುಕೊಂಡು ಹೋಗಿ ಕೊಟ್ಟರೆ ಚಿಕ್ಕಮಗಳೂರು ಸುತ್ತಮುತ್ತಲಿನ ಕುಲುಮೆಯವರು ಕಣ್ಣಳತೆಯಲ್ಲೇ ಬಡಿದು, ಹದ ಹಾಕಿ ಕೊಡುತ್ತಾರೆ, ಅದು ವರ್ಷಗಟ್ಟಲೆ ಬಾಳುತ್ತದೆ. ಆದರೆ ಮೆಣಸಿನ ಬಳ್ಳಿ ಕಟ್ಟುವಾಗ ದಾರ ಕೊಯ್ಯಲು ಜೇಬಿನಲ್ಲಿಟ್ಟುಕೊಳ್ಳುವ ಮಡಚುವ ಚಾಕು ಇದೆಯಲ್ಲ, ಅದಕ್ಕೆ ಕಣ್ಣಳತೆ ಸಾಲದು. ಅದರಲ್ಲಿ ಒಂದು ಕೀಲಿದೆ. ಕೀಲು ಬಂತು ಅಂದರೆ ತಪ್ಪುಗಳು ದೊಡ್ಡದಾಗುತ್ತವೆ.

ಹೇಗೆ ಅಂತ ನೋಡಿ. ಕೀಲಿನಿಂದ ಅಲಗಿನ ತುದಿಗೆ 80 ಮಿಲಿಮೀಟರ್ ಇರಲಿ. ಅಲಗಿನ ಬುಡ ಹಿಡಿಯೊಳಗಿನ ಒಂದು ಸಣ್ಣ ಪಿನ್ನಿಗೆ ತಾಗಿ ನಿಲ್ಲುತ್ತದೆ, ಬಿಚ್ಚಿದಾಗ ಒಂದು ಮೂಲೆ, ಮಡಚಿದಾಗ ಇನ್ನೊಂದು ಮೂಲೆ. ಈ ತಾಗುವ ಜಾಗ ಕೀಲಿನಿಂದ ಬರೀ 7 ಮಿಲಿಮೀಟರ್ ದೂರ. ಅಲ್ಲಿ ಅರ ಸ್ವಲ್ಪ ಜಾಸ್ತಿ ಓಡಿ 0.12 ಮಿಲಿಮೀಟರ್ ಸವೆಯಿತು ಅಂದರೆ ಅಲಗು 1 ಡಿಗ್ರಿ ಹೆಚ್ಚು ತಿರುಗುತ್ತದೆ. ಅದೇ 1 ಡಿಗ್ರಿ ತುದಿಯಲ್ಲಿ 1.4 ಮಿಲಿಮೀಟರ್! ಮಡಚಿದಾಗ ಅಲಗಿನ ಹರಿತ ಹೋಗಿ ಹಿಡಿಯ ಬೆನ್ನಿಗೆ ಬಡಿಯಲು ಅಷ್ಟು ಸಾಕು. ಪ್ರತಿ ಸಲ ಮುಚ್ಚಿದಾಗಲೂ ಮೊಂಡಾಗುವ ಚಾಕು ಯಾರಿಗೆ ಬೇಕು?

ಅದಕ್ಕೇ ಕಂಪ್ಯೂಟರಿನಲ್ಲಿ ಮೊದಲು ಬರೆಯುವುದು. ಅಂದದ ಚಿತ್ರಕ್ಕಲ್ಲ, ಉಕ್ಕು ಮುಟ್ಟುವ ಮೊದಲೇ ಅಲಗನ್ನು ತಿರುಗಿಸಿ ನೋಡಲು. ಹೀಗೆ ನಕ್ಷೆ ಬರೆಯುವ ಕ್ಯಾಡ್ ತಂತ್ರಾಂಶದಲ್ಲಿ ನೀವು ಗೆರೆಗಳಿಗೆ ಕಟ್ಟಳೆ ಹಾಕಬಹುದು: ಈ ವೃತ್ತ ಆ ಗೆರೆಯನ್ನು ತಾಗಿಕೊಂಡೇ ಇರಲಿ, ಈ ಎರಡು ತೂತುಗಳ ನಡುವೆ ಇಷ್ಟೇ ಅಂತರ ಇರಲಿ ಅಂತ. ಆಮೇಲೆ ಒಂದು ಅಳತೆ ಬದಲಿಸಿದರೆ ಉಳಿದದ್ದೆಲ್ಲ ತಾನೇ ಸರಿದುಕೊಳ್ಳುತ್ತದೆ. 1963ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಐವನ್ ಸದರ್ಲ್ಯಾಂಡ್ ತಮ್ಮ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶದಲ್ಲಿ ತೋರಿಸಿದ್ದು ಇದನ್ನೇ. ಈಗ ಫ್ರೀಕ್ಯಾಡ್‌ನಂಥ ತಂತ್ರಾಂಶ ದುಡ್ಡು ಕೊಡದೆ ಸಿಗುತ್ತದೆ, ಮೂಡಿಗೆರೆಯ ತೋಟದ ಮನೆಯಲ್ಲಿ ಕೂತು ಮಾಡಬಹುದಾದ ಕೆಲಸ ಇದು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಲಾಕು. ಹಿಡಿಯ ಒಳಮೈಯ ತೆಳು ಪಟ್ಟಿಯನ್ನು ಸೀಳಿ, ಸ್ವಲ್ಪ ಬಗ್ಗಿಸಿಟ್ಟಿರುತ್ತಾರೆ. ಅಲಗು ಪೂರ್ತಿ ಬಿಚ್ಚಿಕೊಂಡ ಕೂಡಲೇ ಆ ಪಟ್ಟಿ ಸರಿದು ಬಂದು ಅಲಗಿನ ಬುಡದ ಹಿಂದೆ ನಿಲ್ಲುತ್ತದೆ, ಮತ್ತೆ ಮಡಚಿಕೊಳ್ಳಲು ಬಿಡುವುದಿಲ್ಲ. ಇದಕ್ಕೆ ಈಗಿನ ರೂಪ ಕೊಟ್ಟವರು ಅಮೆರಿಕದ ಚಾಕು ತಯಾರಕ ಮೈಕೆಲ್ ವಾಕರ್, 1980ರ ದಶಕದ ಆರಂಭದಲ್ಲಿ. ಪಟ್ಟಿ ತಾಗುವ ಬುಡದ ಮುಖ ನೆಟ್ಟಗಿರುವುದಿಲ್ಲ, ಸುಮಾರು 7ರಿಂದ 8 ಡಿಗ್ರಿ ಓರೆ ಇರುತ್ತದೆ. ಯಾಕೆ ಅಷ್ಟೇ? ಇದು ಬೆಣೆಯ ಲೆಕ್ಕ. ಕಟ್ಟಿಗೆ ಸೀಳುವಾಗ ದಪ್ಪ ಬೆಣೆ ಚಿಮ್ಮಿ ಹೊರಗೆ ಬರುತ್ತದೆ, ತೆಳ್ಳನೆಯದು ಕಚ್ಚಿಕೊಂಡು ಕೂರುತ್ತದೆ, ಅಲ್ವಾ? ಎಲ್ಲಿಯವರೆಗೆ ಕೂರುತ್ತದೆ ಅನ್ನುವುದನ್ನು ಘರ್ಷಣೆ ತೀರ್ಮಾನಿಸುತ್ತದೆ. ಸ್ವಲ್ಪ ಎಣ್ಣೆ ತಾಗಿದ ಉಕ್ಕಿನ ಮೇಲೆ ಉಕ್ಕು ಜಾರುವಾಗ ಘರ್ಷಣಾಂಕ (ಒತ್ತುವ ಬಲಕ್ಕೆ ಹೋಲಿಸಿದರೆ ಘರ್ಷಣೆ ಎಷ್ಟು ಅನ್ನುವ ಲೆಕ್ಕ) ಸುಮಾರು 0.15. ಅದನ್ನು ಕೋನಕ್ಕೆ ತಿರುಗಿಸಿದರೆ 8.5 ಡಿಗ್ರಿ. ಓರೆ ಅದಕ್ಕಿಂತ ಕಡಿಮೆ ಇದ್ದರೆ ನೀವು ಅಲಗಿನ ಬೆನ್ನನ್ನು ಎಷ್ಟೇ ಒತ್ತಿದರೂ ಪಟ್ಟಿ ಜಾರದು. ಹೆಚ್ಚಿದ್ದರೆ ಅದೇ ಒತ್ತಡ ಪಟ್ಟಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಚಾಕು ಬೆರಳ ಮೇಲೆ ಮುಚ್ಚಿಕೊಳ್ಳುತ್ತದೆ. ಹಾಗಂತ 3 ಡಿಗ್ರಿ ಇಟ್ಟರೂ ಕಷ್ಟ, ಪಟ್ಟಿ ಕಚ್ಚಿಕೊಂಡು ಬಿಡಿಸಲು ಬರುವುದಿಲ್ಲ, ಸ್ವಲ್ಪ ಸವೆದರೂ ತುಂಬಾ ದೂರ ಸರಿಯುತ್ತದೆ.

ನಕ್ಷೆ ಮುಗಿದ ಮೇಲೆ ಚಾಕಿನ ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ, ರಟ್ಟಿಗೆ ಅಂಟಿಸಿ, ಗುಂಡುಪಿನ್ನು ಚುಚ್ಚಿ ತಿರುಗಿಸಿ ನೋಡಿ. ಪರದೆಯ ಮೇಲೆ ಚೆನ್ನಾಗಿ ಕಂಡ ಹಿಡಿ ಕೈಗೆ ಚಿಕ್ಕದಾಗಿದೆಯೋ ಇಲ್ಲವೋ ಇಲ್ಲಿ ಗೊತ್ತಾಗುತ್ತದೆ. ನಂತರ ಅದೇ ಕಡತವನ್ನು ಹಾಸನದಲ್ಲೋ ಬೆಂಗಳೂರಲ್ಲೋ ಲೇಸರ್ ಕಟಿಂಗ್ ಮಾಡುವವರಿಗೆ ಕೊಡಬಹುದು. ಆದರೆ ಕೀಲಿನ ತೂತನ್ನು ಲೇಸರಿಗೆ ಬಿಡಬೇಡಿ. ಲೇಸರಿನ ಶಾಖಕ್ಕೆ ಇಂಗಾಲ ಹೆಚ್ಚಿರುವ ಉಕ್ಕಿನ ಅಂಚು ಗಟ್ಟಿಯಾಗಿಬಿಡುತ್ತದೆ, ಆಮೇಲೆ ರೀಮರ್ (ತೂತನ್ನು ಒಳಗಿನಿಂದ ಹೆರೆದು ಸರಿಯಾದ ಅಳತೆಗೆ ತರುವ ಸಲಕರಣೆ) ಹಾಕಿದರೆ ರೀಮರೇ ಹಾಳಾಗುತ್ತದೆ. ಜಾಗ ಗುರುತು ಮಾಡಿಸಿ, ಡ್ರಿಲ್ ಮಾಡಿ, ರೀಮರಿನಿಂದ ಅಳತೆಗೆ ತನ್ನಿ.

ಉಕ್ಕಿನ ಆಯ್ಕೆಯಲ್ಲಿ ನಮ್ಮ ಮಳೆ ಮರೆಯಬಾರದು. ಬೇರಿಂಗಿಗೆ ಬಳಸುವ ಇಎನ್ 31 ಎಂಬ ಉಕ್ಕಿನಲ್ಲಿ ಸುಮಾರು ಶೇ. 1 ಇಂಗಾಲ, ಶೇ. 1.5 ಕ್ರೋಮಿಯಂ ಇದೆ, ಹರಿತ ಚೆನ್ನಾಗಿ ನಿಲ್ಲುತ್ತದೆ, ಆದರೆ ಆಷಾಢದಲ್ಲಿ ಜೇಬಿನಲ್ಲಿಟ್ಟರೆ ತುಕ್ಕು ಖಂಡಿತ. ಡಿ2 ಉಕ್ಕಿನಲ್ಲಿ ಸುಮಾರು ಶೇ. 12 ಕ್ರೋಮಿಯಂ ಇದ್ದರೂ ಅದು ಪೂರ್ತಿ ಸ್ಟೇನ್‌ಲೆಸ್ ಅಲ್ಲ, ಯಾಕೆಂದರೆ ಅದರಲ್ಲಿ ಒಂದಷ್ಟು ಕ್ರೋಮಿಯಂ ಇಂಗಾಲದ ಜೊತೆ ಸೇರಿ ಗಟ್ಟಿ ಕಣಗಳಾಗಿಬಿಟ್ಟಿರುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ತೋಟದ ಕೆಲಸಕ್ಕೆ ನಾನಾದರೆ ಸ್ಟೇನ್‌ಲೆಸ್ಸನ್ನೇ ಆರಿಸುತ್ತೇನೆ.

ತೂತುಗಳೆಲ್ಲ ಹದ ಹಾಕುವ ಮೊದಲೇ ಆಗಬೇಕು, ಹದವಾದ ಉಕ್ಕಿಗೆ ಮಾಮೂಲಿ ಡ್ರಿಲ್ ಇಳಿಯುವುದಿಲ್ಲ. ಇನ್ನೊಂದು ವಿಷಯ: ಕಾಯಿಸಿ ತಟ್ಟನೆ ಎಣ್ಣೆಗೆ ಅದ್ದಿದಾಗ ಉಕ್ಕಿನ ಒಳಗಿನ ಜೋಡಣೆಯೇ ಬದಲಾಗಿ ಅದು ಚೂರು ಹಿಗ್ಗುತ್ತದೆ, ಕೆಲವೊಮ್ಮೆ ಸೊಟ್ಟಗಾಗುತ್ತದೆ. ಹಾಗಾಗಿ ನಕ್ಷೆಯಲ್ಲೇ ಲಾಕಿನ ಮುಖಕ್ಕೆ 0.2 ಮಿಲಿಮೀಟರಿನಷ್ಟು ಹೆಚ್ಚು ಬಿಟ್ಟಿರಿ. ಹದವಾದ ಮೇಲೆ ಎಲ್ಲ ಜೋಡಿಸಿ, ಸ್ವಲ್ಪ ಸ್ವಲ್ಪವೇ ಕಲ್ಲಿಗೆ ತಿಕ್ಕಿ, ಬಿಚ್ಚಿ, ಮಡಚಿ, ಮತ್ತೆ ತಿಕ್ಕಿ, ಪಟ್ಟಿ ಬುಡದ ಅಂಚಿನಲ್ಲೇ ಹಿಡಿದು ನಿಲ್ಲುವವರೆಗೆ ಆ ಮುಖವನ್ನು ಇಳಿಸುತ್ತಾ ಬನ್ನಿ.