ಗಾಳ ಹಾಕುವವರ ಕೂಲಿಂಗ್ ಗ್ಲಾಸ್: ಬಣ್ಣದ ಮಾತು ಆಮೇಲೆ

ಜೂನ್ ಬಂತು ಅಂದರೆ ಉಡುಪಿಯ ನಮ್ಮ ಕನ್ನಡಕದ ಅಂಗಡಿಗೆ ಮಲ್ಪೆ ಕಡೆಯವರು ಬರುವುದು ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳು ದಕ್ಕೆಯಲ್ಲಿ ನಿಂತಿರುತ್ತವೆ. ವರ್ಷವಿಡೀ ಪುರುಸೊತ್ತು ಸಿಗದವರು ಆಗ ಕಣ್ಣು ತೋರಿಸಲು ಬರುತ್ತಾರೆ. ಇನ್ನು ಭಾನುವಾರ ಕೋಡಿ ಬೆಂಗ್ರೆಯಲ್ಲೋ ಹಂಗಾರಕಟ್ಟೆಯಲ್ಲೋ ಗಾಳ ಹಾಕಿ ಕೂರುವವರು ವರ್ಷಪೂರ್ತಿ ಬರುತ್ತಾರೆ. ಬ್ಯಾಂಕಿನವರು, ಮೇಷ್ಟ್ರುಗಳು, ಗಲ್ಫಿನಿಂದ ರಜೆಗೆ ಬಂದವರು. ಎಲ್ಲರದೂ ಒಂದೇ ಮಾತು: "ನನ್ನ ನಂಬರ್ ಹಾಕಿ ಒಂದು ಒಳ್ಳೆ ಕಪ್ಪು ಗ್ಲಾಸ್ ಮಾಡಿಕೊಡಿ."

ಕಪ್ಪು ಎಷ್ಟಿರಬೇಕು ಅನ್ನುವುದನ್ನು ನಾನು ಕೊನೆಗೆ ಕೇಳುತ್ತೇನೆ. ಮೊದಲು ಕೇಳುವುದು, ನೀರಿನ ಹತ್ತಿರ ನಿಂತಾಗ ನೀವು ಏನೇನು ನೋಡುತ್ತೀರಿ ಅಂತ. ಕೈಯಲ್ಲಿರುವ ಗಾಳ, ಕಾಲ ಕೆಳಗಿನ ಬಂಡೆ, ನೀರಿನ ಒಳಗಿನ ನೆರಳು, ದೂರದ ದೋಣಿ. ಈ ನಾಲ್ಕೂ ನಾಲ್ಕು ದೂರದಲ್ಲಿವೆ. ಗ್ಲಾಸ್ ಎಷ್ಟೇ ಕಪ್ಪಾಗಿರಲಿ, ಇವುಗಳಲ್ಲಿ ಒಂದು ಸರಿಯಾಗಿ ಕಾಣದಿದ್ದರೂ ಅದು ಎರಡೇ ವಾರದಲ್ಲಿ ಕಪಾಟು ಸೇರುತ್ತದೆ.

ಅಂಗಡಿಯ ಬಾಗಿಲ ಹತ್ತಿರ, ಬಿಸಿಲು ಬೀಳುವ ಕಡೆ, ನಾನು ಒಂದು ಪ್ಲಾಸ್ಟಿಕ್ ಬೇಸಿನ್‌ನಲ್ಲಿ ನೀರು ಇಟ್ಟಿದ್ದೇನೆ. ತಳದಲ್ಲಿ ಒಂದು ನಾಣ್ಯ. ಬಂದವರನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿ ನೋಡಿ ಅನ್ನುತ್ತೇನೆ. ಕಾಣುವುದು ಆಕಾಶದ ಬಿಳುಪು ಮಾತ್ರ. ಅವರದೇ ಹಳೆಯ ಕಪ್ಪು ಗ್ಲಾಸ್ ಹಾಕಿ ನೋಡಿದರೆ ಬಿಳುಪು ಸ್ವಲ್ಪ ಮಂಕಾಗುತ್ತದೆ. ನಾಣ್ಯ ಕಾಣುವುದಿಲ್ಲ. ಆಮೇಲೆ ಒಂದು ಪೋಲರೈಸ್ಡ್ ಲೆನ್ಸ್ ಕೈಗೆ ಕೊಡುತ್ತೇನೆ. ಅದನ್ನು ಕಣ್ಣಿನ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಬೇಕು. ಒಂದು ಕಡೆ ಬಂದಾಗ ನೀರಿನ ಮೇಲಿನ ಬಿಳುಪು ಒರೆಸಿ ತೆಗೆದ ಹಾಗೆ ಹೋಗಿ, ನಾಣ್ಯ ಎದ್ದು ಕಾಣುತ್ತದೆ. ಇನ್ನೂ ಕಾಲು ಸುತ್ತು ತಿರುಗಿಸಿದರೆ ಬಿಳುಪು ವಾಪಸ್ ಬರುತ್ತದೆ. ಇದನ್ನು ಕಂಡ ಮೇಲೆ ಯಾರಿಗೂ ನಾನು ಜಾಸ್ತಿ ವಿವರಿಸಬೇಕಾಗಿಲ್ಲ.

ಆದರೂ ಕಾರಣ ಗೊತ್ತಿದ್ದರೆ ಒಳ್ಳೆಯದು. ಬೆಳಕಿನ ಅಲೆ ಎಲ್ಲ ದಿಕ್ಕಿನಲ್ಲೂ ಅಲುಗುತ್ತದೆ. ನೀರಿನ ಮೇಲೆ ಬಿದ್ದು ಹಿಂದೆ ಚಿಮ್ಮುವಾಗ ಹೆಚ್ಚಿನ ಪಾಲು ಅಡ್ಡಡ್ಡ ಅಲುಗುವ ಬೆಳಕೇ ಆಗಿರುತ್ತದೆ. ಪೋಲರೈಸ್ಡ್ ಲೆನ್ಸ್‌ನ ಒಳಗಿನ ಫಿಲ್ಮ್ ಆ ಅಡ್ಡ ಬೆಳಕನ್ನು ತಡೆದು, ಲಂಬವಾಗಿ ಅಲುಗುವುದನ್ನು ಬಿಡುತ್ತದೆ. ನೀರಿನ ಒಳಗಿಂದ ಬರುವ ಬೆಳಕಿಗೆ ಈ ಅಡ್ಡ ಗುಣ ಇಲ್ಲ. ಹಾಗಾಗಿ ಅದರ ಒಂದು ಪಾಲು ನಮಗೆ ತಲುಪುತ್ತದೆ, ಮೀನಿನ ನೆರಳು ಕಾಣುತ್ತದೆ. 1815ರಲ್ಲಿ ಡೇವಿಡ್ ಬ್ರೂಸ್ಟರ್ ಕಂಡುಕೊಂಡ ನಿಯಮದ ಪ್ರಕಾರ, ನೀರಿಗೆ ಈ ಆಟ ಪೂರ್ತಿ ನಡೆಯುವುದು, ನೇರ ಕೆಳಗೆ ನೋಡುವ ಗೆರೆಯಿಂದ ಅಳೆದರೆ, ಸುಮಾರು 53 ಡಿಗ್ರಿ ಕೋನದಲ್ಲಿ. ಗಾಳ ಹಾಕುವವರ ಲೆಕ್ಕದಲ್ಲಿ ಹೇಳುವುದಾದರೆ, ನಿಮ್ಮ ಕಣ್ಣು ನೀರಿನಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಒಂದೂಕಾಲು ಪಾಲಿಗಿಂತ ಸ್ವಲ್ಪ ಮುಂದೆ. ದಡದಲ್ಲಿ ನಿಂತವರಿಗೆ ಸುಮಾರು ಎರಡು ಮೀಟರ್ ಮುಂದಿನ ನೀರು ಎಲ್ಲಕ್ಕಿಂತ ತಿಳಿಯಾಗಿ ಕಾಣುತ್ತದೆ. ಕಣ್ಣು ನೀರಿನಿಂದ ಮೂರು ಮೀಟರ್ ಮೇಲಿದ್ದರೆ ನಾಲ್ಕು ಮೀಟರ್ ಮುಂದೆ. ನೇರ ಕಾಲಡಿಗೆ ನೋಡಿದಾಗಲೂ, ಬಹಳ ದೂರದ ನೀರಿಗೂ ಪರಿಣಾಮ ಕಡಿಮೆ. "ದುಡ್ಡು ಕೊಟ್ಟರೂ ದೂರದ ಹೊಳಪು ಪೂರ್ತಿ ಹೋಗಲಿಲ್ಲ" ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಅದು ಲೆನ್ಸಿನ ದೋಷ ಅಲ್ಲ.

ನಿಮ್ಮಲ್ಲಿರುವ ಗ್ಲಾಸ್ ಪೋಲರೈಸ್ಡ್ ಹೌದೋ ಅಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಕ್ಯಾಲ್ಕುಲೇಟರಿನ ಪರದೆಯ ಮುಂದೆ ಹಿಡಿದು ತಿರುಗಿಸಿ. ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾದರೆ ಹೌದು. ಸ್ಟಿಕ್ಕರ್ ನಂಬಬೇಡಿ.

ಕಪ್ಪು ಬಣ್ಣಕ್ಕೂ ಅತಿನೇರಳೆ ಕಿರಣ ತಡೆಯುವುದಕ್ಕೂ ಸಂಬಂಧವೇ ಇಲ್ಲ. ಆ ತಡೆ ಇಲ್ಲದ ಕಪ್ಪು ಪ್ಲಾಸ್ಟಿಕ್ ಹಾಕಿಕೊಂಡರೆ, ಕತ್ತಲಾಯಿತು ಅಂತ ಕಣ್ಣಿನ ಪಾಪೆ ಅಗಲವಾಗುತ್ತದೆ, ಕಿರಣ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಲೆನ್ಸ್ 400 ನ್ಯಾನೊಮೀಟರ್ ವರೆಗೆ ತಡೆಯಬೇಕು, ಅದನ್ನೇ ಯುವಿ 400 ಅನ್ನುತ್ತೇವೆ. ಬೋಟಿನಲ್ಲಿ ದುಡಿಯುವವರ ಕಣ್ಣಲ್ಲಿ ನಾನು ಮತ್ತೆ ಮತ್ತೆ ನೋಡುವುದು ಟೆರಿಜಿಯಂ. ಮೂಗಿನ ಕಡೆಯಿಂದ ಬಿಳಿಗುಡ್ಡೆಯ ಮೇಲೆ ತ್ರಿಕೋನದ ಹಾಗೆ ಮಾಂಸ ಬೆಳೆದು ಕರಿಗುಡ್ಡೆ ಕಡೆಗೆ ಸರಿಯುತ್ತದೆ. ವರ್ಷಗಟ್ಟಲೆ ಬಿಸಿಲು, ಗಾಳಿ ತಿಂದ ಕಣ್ಣಿಗೆ ಬರುವಂಥದ್ದು. ಅದು ಬೆಳೆದಂತೆ ಕರಿಗುಡ್ಡೆಯ ಆಕಾರ ಎಳೆದು ಸಿಲಿಂಡರ್ ನಂಬರ್ ಬರುತ್ತದೆ, ಅಂದರೆ ಕರಿಗುಡ್ಡೆಯ ಬಾಗು ಎಲ್ಲ ದಿಕ್ಕಿನಲ್ಲೂ ಒಂದೇ ಇರದೆ ಕಾಣುವುದು ಮಸುಕಾಗುತ್ತದೆ. ಮೊದಲೇ ಒಂದು ಗ್ಲಾಸ್ ಹಾಕಿದ್ದಿದ್ದರೆ ಅಂತ ಪ್ರತಿ ಸಲ ಅನ್ನಿಸುತ್ತದೆ. ಟೋಪಿ ಹಾಕಿದರೂ ನೀರಿನಿಂದ ಚಿಮ್ಮಿದ ಕಿರಣ ಕೆಳಗಿನಿಂದ ಬರುತ್ತದೆ, ಆದ್ದರಿಂದ ಟೋಪಿ ಒಂದೇ ಸಾಲದು.

ಈಗ ನಂಬರಿನ ವಿಷಯ. ನಲವತ್ತು ದಾಟಿದವರಿಗೆ ಚಾಳೀಸು ಬಂದೇ ಬರುತ್ತದೆ. ಮನೆಯಲ್ಲಿ ಪೇಪರ್ ಓದಲು ಅದು ದೊಡ್ಡ ತಲೆನೋವಲ್ಲ. ಬೆಳಗಿನ ಆರೂವರೆಗೆ, ಅರೆ ಬೆಳಕಿನಲ್ಲಿ, ಕೂದಲಿನಷ್ಟು ತೆಳ್ಳಗಿನ ತಂಗೀಸನ್ನು, ಅಂದರೆ ನೈಲಾನ್ ದಾರವನ್ನು, ಗಾಳದ ಕಣ್ಣಿಗೆ ಪೋಣಿಸುವಾಗ ಗೊತ್ತಾಗುತ್ತದೆ ಅದರ ಕಷ್ಟ. ನಿವೃತ್ತ ಮೇಷ್ಟ್ರೊಬ್ಬರು ದೂರದ ನಂಬರಿನ ಕಪ್ಪು ಗ್ಲಾಸ್ ಬೇರೆ ಕಡೆ ಮಾಡಿಸಿಕೊಂಡಿದ್ದರು. ಗಂಟು ಹಾಕುವಾಗ ಗ್ಲಾಸನ್ನು ಹಣೆಗೆ ಏರಿಸಿ, ಗಾಳವನ್ನು ಮಾರುದ್ದ ಹಿಡಿದು, ಅಂದಾಜಿನಲ್ಲಿ ಪೋಣಿಸುತ್ತಿದ್ದರು. ನನ್ನ ಹತ್ತಿರ ಬಂದಾಗ ಹೆಬ್ಬೆರಳಿಗೆ ಬ್ಯಾಂಡೇಜ್ ಇತ್ತು.

ಇಂಥವರಿಗೆ ನಾನು ಮೊದಲು ಹೇಳುವುದು ಬೈಫೋಕಲ್. ಹಳೆಯ ಕಾಲದ್ದು ಅಂತ ಮುಖ ಸಿಂಡರಿಸುವವರು ಇದ್ದಾರೆ. ನೀರಿನ ಹತ್ತಿರ ಅದಕ್ಕೆ ಸಮ ಇನ್ನೊಂದಿಲ್ಲ ಅನ್ನುವುದು ನನ್ನ ಅನುಭವ. ಆದರೆ ಕೆಳಗಿನ ಹತ್ತಿರದ ತುಂಡನ್ನು ಓದುವ ಕನ್ನಡಕದಲ್ಲಿ ಕೂರಿಸುವಷ್ಟು ಎತ್ತರಕ್ಕೆ ಕೂರಿಸಬಾರದು. ಮೂರ್ನಾಲ್ಕು ಮಿಲಿಮೀಟರ್ ಕೆಳಗೆ ಇಡಬೇಕು. ಯಾಕೆ ಅಂದರೆ ಪಾಚಿ ಕಟ್ಟಿದ ಬಂಡೆಯ ಮೇಲೆ ಹೆಜ್ಜೆ ಇಡುವಾಗ ಕಣ್ಣು ಕೆಳಗೆ ಹೋಗುತ್ತದೆ. ಆಗ ಹತ್ತಿರದ ತುಂಡು ಅಡ್ಡ ಬಂದರೆ ಬಂಡೆ ಮಸುಕಾಗುತ್ತದೆ, ಕಾಲು ಜಾರುತ್ತದೆ. ಹತ್ತಿರದ ನಂಬರನ್ನೂ ಪುಸ್ತಕದ ದೂರಕ್ಕೆ ಕೊಡಬಾರದು. ನೀವು ಗಂಟು ಹಾಕುವ ಹಾಗೆ ಕೈ ಹಿಡಿದು ತೋರಿಸಿ, ನಾವು ಅಳೆಯುತ್ತೇವೆ. ಕೆಲವರು ಮೂವತ್ತು ಸೆಂಟಿಮೀಟರಿನಲ್ಲಿ ಹಿಡಿಯುತ್ತಾರೆ, ಕೆಲವರು ನಲವತ್ತೈದರಲ್ಲಿ. ನಂಬರು ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ದೂರದಿಂದ ಹತ್ತಿರಕ್ಕೆ ನಂಬರು ನಿಧಾನವಾಗಿ ಬದಲಾಗುವ ಪ್ರೋಗ್ರೆಸ್ಸಿವ್ ಲೆನ್ಸಿಗೆ ಗೆರೆ ಇಲ್ಲ, ನೋಡಲು ಚೆಂದ. ಆದರೆ ಅದರ ಎರಡು ಬದಿಯಲ್ಲಿ ಸ್ವಲ್ಪ ಸೊಟ್ಟಗೆ ಕಾಣುವ ಜಾಗ ಇರುತ್ತದೆ. ದೋಣಿ ಅಲುಗುವಾಗ ತಲೆಯೂ ಅಲುಗುತ್ತದೆ, ಆ ಸೊಟ್ಟ ಜಾಗದಲ್ಲಿ ನೀರು ಇನ್ನಷ್ಟು ತೇಲಾಡಿದ ಹಾಗೆ ಕಾಣುತ್ತದೆ. ಐದಾರು ವರ್ಷದಿಂದ ಅದನ್ನೇ ಹಾಕಿ ರೂಢಿಯಾದವರಿಗೆ ತೊಂದರೆ ಇಲ್ಲ. ಹೊಸಬರು ದೋಣಿಯಲ್ಲಿ ಅಭ್ಯಾಸ ಶುರು ಮಾಡುವುದು ಬೇಡ.

ಮೈನಸ್ ಮೂರರ ಆಸುಪಾಸು ಇರುವವರಿಗೆ ಒಂದು ಅನುಕೂಲ ಇದೆ. ಗ್ಲಾಸ್ ತೆಗೆದರೆ ಅವರಿಗೆ 33 ಸೆಂಟಿಮೀಟರಿನಲ್ಲಿ ತಾನಾಗಿಯೇ ಸ್ಪಷ್ಟ ಕಾಣುತ್ತದೆ, ಗಂಟು ಹಾಕುವ ದೂರವೂ ಅದೇ. ಅವರಿಗೆ ಬರೀ ದೂರದ ನಂಬರು ಸಾಕು, ಕುತ್ತಿಗೆಗೆ ಒಂದು ದಾರ ಇರಲಿ. ಮೈನಸ್ ಆರು, ಏಳು ಇರುವವರಿಗೆ ನಾನು ಸಾಮಾನ್ಯವಾಗಿ ಬೇರೆ ಕಪ್ಪು ಗ್ಲಾಸನ್ನೇ ಹೇಳುವುದಿಲ್ಲ. ದಿನದ ಕನ್ನಡಕದ ಮೇಲೆ ಸಿಕ್ಕಿಸಿ ಮೇಲೆ ಎತ್ತಬಹುದಾದ ಪೋಲರೈಸ್ಡ್ ಕ್ಲಿಪ್ ಸಾಕು. ಗಂಟು ಹಾಕುವಾಗ ಎತ್ತಿ, ಮುಗಿದ ಮೇಲೆ ಇಳಿಸಿ. ಖರ್ಚೂ ಕಡಿಮೆ. ಆ ಮೇಷ್ಟ್ರಿಗೂ ಕೊನೆಗೆ ಅವರ ಹಳೆಯ ಬೈಫೋಕಲ್ ಮೇಲೆ ಇದನ್ನೇ ಕೊಟ್ಟೆ.

ಫ್ರೇಮಿನಲ್ಲಿ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಬೋಟು ನಡೆಸುವ ತಾಂಡೇಲರೊಬ್ಬರು ಮುಖಕ್ಕೆ ಸುತ್ತಿಕೊಳ್ಳುವ ಬಾಗಿದ ಫ್ರೇಮ್ ತಂದರು. ಬದಿಯಿಂದ ಬೆಳಕು ಬರುವುದಿಲ್ಲ ಅಂತ ಅವರಿಗೆ ಇಷ್ಟ. ಅವರ ನಂಬರು ಮೈನಸ್ ನಾಲ್ಕೂವರೆ, ಜೊತೆಗೆ ಸಿಲಿಂಡರ್. ನಾನು ದಿನದ ಕನ್ನಡಕದ ನಂಬರನ್ನೇ ಬರೆದು ಲ್ಯಾಬಿಗೆ ಕಳಿಸಿದೆ. ಹಾಕಿಕೊಂಡ ಎರಡನೇ ದಿನ ಅವರು ಸಮುದ್ರದಿಂದ ಫೋನ್ ಮಾಡಿದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಾರದ ತಲೆಸುತ್ತು ಬಂದಿತ್ತು. ಬಾಗಿದ ಫ್ರೇಮಿನಲ್ಲಿ ಲೆನ್ಸ್ ಕಣ್ಣಿಗೆ ಓರೆಯಾಗಿ ಕೂರುತ್ತದೆ. ಓರೆಯಾದ ಲೆನ್ಸ್ ಬೇಡದ ಸಿಲಿಂಡರನ್ನೂ, ಕಾಣುವುದನ್ನು ಪಕ್ಕಕ್ಕೆ ಸರಿಸುವ ಪ್ರಿಸಂ ಎಳೆತವನ್ನೂ ತಾನೇ ಸೇರಿಸುತ್ತದೆ. ಅಷ್ಟನ್ನು ಲೆಕ್ಕ ಹಾಕಿ ಕಳೆದು ಲೆನ್ಸ್ ಮಾಡಿಸಬೇಕು. ಅದಕ್ಕೆ ಫ್ರೇಮಿನ ಬಾಗಿನ ಕೋನ, ನಿಮ್ಮ ಎರಡು ಕಣ್ಣಿನ ಪಾಪೆಗಳ ಅಂತರ, ಫ್ರೇಮ್ ಮುಖದ ಮೇಲೆ ಕೂರುವ ರೀತಿ, ಇಷ್ಟೂ ಬೇಕು. ಅಂಗಡಿಯವರು ಇದನ್ನೆಲ್ಲ ಅಳೆಯದೆ ಆರ್ಡರ್ ಬರೆದರೆ ನೀವೇ ಕೇಳಿ. ನಂಬರು ಸುಮಾರು ಮೈನಸ್ ನಾಲ್ಕು ಅಥವಾ ಪ್ಲಸ್ ಮೂರು ದಾಟಿದರೆ ಅತಿಯಾಗಿ ಬಾಗಿದ ಫ್ರೇಮ್ ಬಿಟ್ಟುಬಿಡುವುದೇ ವಾಸಿ. ಅಗಲ ಕಡ್ಡಿ ಇರುವ, ಸ್ವಲ್ಪವೇ ಬಾಗಿದ ಫ್ರೇಮ್ ಕೂಡ ಬದಿಯ ಬೆಳಕನ್ನು ಸಾಕಷ್ಟು ತಡೆಯುತ್ತದೆ.

ಲೆನ್ಸ್ ಬಂದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಪೋಲರೈಸ್ಡ್ ಫಿಲ್ಮಿಗೆ ಒಂದು ದಿಕ್ಕು ಇದೆ. ಕತ್ತರಿಸಿ ಕೂರಿಸುವಾಗ ಒಂದು ಕಣ್ಣಿನ ಲೆನ್ಸ್ ಕೆಲವು ಡಿಗ್ರಿ ತಿರುಗಿದರೂ, ಒಂದು ಕಣ್ಣಿಗೆ ಹೊಳಪು ಹೋಗುತ್ತದೆ, ಇನ್ನೊಂದಕ್ಕೆ ಉಳಿಯುತ್ತದೆ. ಕಣ್ಣು ಬೇಗ ದಣಿಯುತ್ತದೆ. ನಮ್ಮ ಬೇಸಿನ್ ಹತ್ತಿರ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ. ಹಾಗೆ ಎರಡು ಸಲ ಲೆನ್ಸ್ ವಾಪಸ್ ಕಳಿಸಿದ್ದೇನೆ.

ಬಣ್ಣದ ಮಾತು ಇಷ್ಟೇ. ತೆರೆದ ಸಮುದ್ರಕ್ಕೆ ಬೂದು, ಬಣ್ಣಗಳು ಇದ್ದ ಹಾಗೇ ಕಾಣುತ್ತವೆ. ಹೊಳೆ, ಅಳಿವೆ, ಕಡಿಮೆ ಆಳದ ನೀರಿಗೆ ಕಂದು ಅಥವಾ ತಾಮ್ರದ ಬಣ್ಣ, ತಳದ ಮರಳಿಗೂ ಮೀನಿನ ನೆರಳಿಗೂ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಒಂದೇ ಜೊತೆ ಕೊಳ್ಳುವವರಿಗೆ ನಾನು ಕಂದು ಕೊಡುತ್ತೇನೆ. ಕಪ್ಪಿನ ಮಟ್ಟ ಕೆಟಗರಿ 3 ಸಾಕು, ಅಂದರೆ ನೂರರಲ್ಲಿ 8ರಿಂದ 18 ಪಾಲು ಬೆಳಕು ಒಳಗೆ ಬರುತ್ತದೆ. ಕೆಟಗರಿ 4 ಬೇಡ, ಅದನ್ನು ಹಾಕಿ ಗಾಡಿ ಓಡಿಸುವ ಹಾಗೂ ಇಲ್ಲ. ಬಿಸಿಲಿಗೆ ತಾನೇ ಕಪ್ಪಾಗುವ ಲೆನ್ಸ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಸೆಖೆ ಜಾಸ್ತಿ ಇದ್ದಷ್ಟೂ ಅದು ಕಡಿಮೆ ಕಪ್ಪಾಗುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಬೇಕಾದಾಗಲೇ ಅದು ಕೈಕೊಡುತ್ತದೆ. ಸಾಧಾರಣ ಜಾತಿಯದು ಪೋಲರೈಸ್ಡ್ ಕೂಡ ಅಲ್ಲ.

ಲೆನ್ಸ್ ಯಾವುದರಿಂದ ಮಾಡಿದ್ದು ಅನ್ನುವುದರಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್‌ಗಳಾದ ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್ ಇರಲಿ. ಕಲ್ಲಿಗೆ ಸಿಕ್ಕಿದ ಗಾಳವನ್ನು ಜೋರಾಗಿ ಎಳೆದಾಗ ಸೀಸದ ಗುಂಡು ಸಮೇತ ಅದು ಮುಖದ ಕಡೆಗೆ ಹಾರಿ ಬರುತ್ತದೆ. ಗಾಜಿನ ಲೆನ್ಸ್ ಆಗ ಒಡೆದು ಚೂರಾಗಬಹುದು. ಪಕ್ಕದವನು ಗಾಳ ಬೀಸುವಾಗಲೂ ಇದೇ ಅಪಾಯ. ಒಂದು ವೇಳೆ ಗಾಳ ಕಣ್ಣಿಗೆ ಚುಚ್ಚಿದರೆ ದಯವಿಟ್ಟು ಎಳೆದು ತೆಗೆಯಬೇಡಿ. ಅದಕ್ಕೆ ಮುಳ್ಳು ಇದೆ, ಬರುವಾಗ ಒಳಗಿನದನ್ನು ಹರಿದುಕೊಂಡು ಬರುತ್ತದೆ. ತೊಳೆಯಬೇಡಿ, ಒತ್ತಬೇಡಿ. ದಾರ ಕತ್ತರಿಸಿ, ಪೇಪರ್ ಕಪ್ಪಿನ ತಳವನ್ನು ಕಣ್ಣಿಗೂ ಗಾಳಕ್ಕೂ ತಾಗದ ಹಾಗೆ ಮೇಲೆ ಮುಚ್ಚಿ, ನೇರ ಕಣ್ಣಿನ ಆಸ್ಪತ್ರೆಗೆ ಹೋಗಿ.

ಬೋಟಿನವರಿಗೆ ಇನ್ನೆರಡು ಮಾತು. ಜಿಪಿಎಸ್, ಮೀನು ತೋರಿಸುವ ಯಂತ್ರ, ಇವುಗಳ ಪರದೆ ಪೋಲರೈಸ್ಡ್ ಗ್ಲಾಸ್‌ನಲ್ಲಿ ಕೆಲವು ಕೋನದಿಂದ ಕಪ್ಪಾಗಿ ಕಾಣುತ್ತದೆ. ಲೆನ್ಸ್ ಕೊಳ್ಳುವ ಮೊದಲು ಒಂದು ಸ್ಯಾಂಪಲ್ ತೆಗೆದುಕೊಂಡು ಹೋಗಿ ನಿಮ್ಮ ಬೋಟಿನ ಪರದೆಯ ಮುಂದೆ ನಿಂತು ನೋಡಿ. ಮತ್ತೆ ಸಂಜೆ ಬೆಳಕು ಇಳಿದ ಕೂಡಲೇ ಕಪ್ಪು ಗ್ಲಾಸ್ ತೆಗೆದು ಬಿಳಿ ಕನ್ನಡಕ ಹಾಕಿ. ಎದುರು ಬರುವ ಬೋಟಿನ ಎಡಗಡೆಯ ಕೆಂಪು ದೀಪ, ಬಲಗಡೆಯ ಹಸಿರು ದೀಪ ಗುರುತಿಸುವುದು ಜೀವದ ಪ್ರಶ್ನೆ. ರಾತ್ರಿಗೆ ಅಂತ ಮಾರುವ ಹಳದಿ ಗ್ಲಾಸೂ ಬೇಡ, ಅದು ಇರುವ ಬೆಳಕನ್ನೂ ಕಡಿಮೆ ಮಾಡುತ್ತದೆ.

ವಾಪಸ್ ಬರುವ ಗ್ಲಾಸುಗಳಲ್ಲಿ ನಾನು ಹೆಚ್ಚು ನೋಡುವುದು ಗೀರು. ಉಪ್ಪುನೀರು ಹಾರಿ ಒಣಗಿದರೆ ಲೆನ್ಸಿನ ಮೇಲೆ ಉಪ್ಪಿನ ಹರಳು ಉಳಿಯುತ್ತದೆ. ಲುಂಗಿಯ ತುದಿಯಿಂದ ಒರೆಸಿದರೆ ಆ ಹರಳೇ ಮರಳು ಕಾಗದದ ಕೆಲಸ ಮಾಡುತ್ತದೆ. ಮೊದಲು ಸಿಹಿನೀರು ಹಾಕಿ, ಕುಡಿಯುವ ಬಾಟಲಿಯ ನೀರೇ ಸಾಕು. ಆಮೇಲೆ ಮೆತ್ತನೆಯ ಬಟ್ಟೆ. ಮನೆಗೆ ಬಂದ ಮೇಲೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ನಲ್ಲಿಯ ಕೆಳಗೆ ತೊಳೆದು, ಕಡ್ಡಿಯ ಸಂದಿಯನ್ನೂ ತಿಕ್ಕಿ. ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಇಡಬೇಡಿ, ಕಾವಿಗೆ ಒಳಗಿನ ಫಿಲ್ಮ್ ಬಿಟ್ಟುಕೊಂಡು ಅಂಚಿನಲ್ಲಿ ಗುಳ್ಳೆ ಏಳುತ್ತದೆ. ಆಮೇಲೆ ಅದನ್ನು ಸರಿ ಮಾಡಲು ಬರುವುದಿಲ್ಲ.